ಟೂರಿಂಗ್ ಬೈಕಿಗೆ ರೈಡರ್ ಬ್ಯಾಕ್‌ರೆಸ್ಟ್: ಕೊಳ್ಳೋಕೆ ಮುಂಚೆ ನಿಮ್ಮ ಸೊಂಟ ಎಲ್ಲಿದೆ ಅಂತ ಅಳೀರಿ

ನಾನು ಮೊದಲ್ನೇ ಸಲ ಬ್ಯಾಕ್‌ರೆಸ್ಟ್, ಅಂದ್ರೆ ಓಡಿಸೋರ ಬೆನ್ನ ಹಿಂದೆ ಒತ್ತು ಕೊಡೋ ಪ್ಯಾಡ್, ತಗೊಂಡಾಗ ಫೋಟೋದಲ್ಲಿ ಯಾವುದು ದಪ್ಪಗೆ, ದೊಡ್ಡದಾಗಿ, ಸೋಫಾ ತರ ಕಾಣ್ತಿತ್ತೋ ಅದನ್ನೇ ತಗೊಂಡೆ. ಹಾಕ್ಕೊಂಡು ಕೂತ ಮೊದಲ ಐದು ನಿಮಿಷ ಸ್ವರ್ಗ ಸ್ವಾಮಿ. ಮುನ್ನೂರು ಕಿಲೋಮೀಟರ್ ಆಗೋಷ್ಟ್ರಲ್ಲಿ ಹಳೇ ಸೊಂಟನೋವು ಹಂಗೇ ಇತ್ತು, ಜೊತೆಗೆ ಕತ್ತುನೋವು ಫ್ರೀ. ಆಮೇಲೆ ಒಬ್ಬ ಗೆಳೆಯ ಪಕ್ಕದಿಂದ ಫೋಟೋ ತೆಗೆದು ತೋರಿಸ್ದಾಗ ಗೊತ್ತಾಯ್ತು, ಆ ಪ್ಯಾಡ್ ನನ್ನ ಸೊಂಟಕ್ಕೆ ತಾಗ್ತಾನೇ ಇರ್ಲಿಲ್ಲ, ಭುಜದ ಮೂಳೆ ಕೆಳಗೆ ಕೂತು ಮೇಲಿನ ಬೆನ್ನನ್ನ ಮುಂದಕ್ಕೆ ದಬ್ತಿತ್ತು, ಕೆಳಗಡೆ ಸೊಂಟ ಮಾತ್ರ ಹಿಂದಿನ ಖಾಲಿ ಜಾಗಕ್ಕೆ ಕುಸಿದು ಬೆನ್ನು ಬಿಲ್ಲಿನ ತರ ಬಾಗಿತ್ತು.

ಅದಕ್ಕೇ ಈಗ ಯಾರಾದ್ರೂ ಕೇಳಿದ್ರೆ ಮೊದಲು ಹೇಳೋದು ಇದನ್ನೇ. ಬೈಕಿನ ಬ್ಯಾಕ್‌ರೆಸ್ಟ್ ಆರಾಮ್ ಕುರ್ಚಿ ಅಲ್ಲ, ಇಳಿಜಾರಲ್ಲಿ ಗಾಡಿ ನಿಲ್ಲಿಸ್ದಾಗ ಚಕ್ರದ ಹಿಂದೆ ಕಲ್ಲು ಒತ್ತು ಕೊಡ್ತಾರಲ್ಲ, ಆ ಕಲ್ಲು. ಅದರ ಕೆಲಸ ನಿಮ್ಮ ಸೊಂಟದ ಮೂಳೆ ಹಿಂದಕ್ಕೆ ಉರುಳದ ಹಾಗೆ ತಡೆಯೋದು, ಅಷ್ಟೇ. ನೆಟ್ಟಗೆ ಕೂತಾಗ ಕೆಳಬೆನ್ನು ಸ್ವಲ್ಪ ಒಳಗೆ ಬಾಗಿರತ್ತೆ. ಗಂಟೆಗಟ್ಟಲೆ ಓಡಿಸಿ ಸ್ನಾಯು ಸುಸ್ತಾದಾಗ ಸೊಂಟದ ಮೂಳೆ ಹಿಂದಕ್ಕೆ ತಿರುಗತ್ತೆ, ಒಳಗಿದ್ದ ಬಾಗು ಹೊರಗೆ ಬರತ್ತೆ, ಬೆನ್ನು ಗೂನಾಗತ್ತೆ, ತಲೆ ಮುಂದಕ್ಕೆ ಹೋಗತ್ತೆ, ಆಮೇಲೆ ಕತ್ತಿನಿಂದ ಬಾಲದ ಮೂಳೆ ತನಕ ಎಲ್ಲಾ ಒಂದೊಂದಾಗಿ ದೂರು ಹೇಳೋಕೆ ಶುರು ಮಾಡ್ತವೆ. ಸರಿಯಾದ ಜಾಗದಲ್ಲಿ ಅಂಗೈ ಅಗಲದ ಒಂದು ಪ್ಯಾಡ್ ಇದ್ರೂ ಈ ಸರಪಣಿ ಶುರುನೇ ಆಗಲ್ಲ. ತಪ್ಪು ಜಾಗದಲ್ಲಿ ಮಂಚದಷ್ಟು ದೊಡ್ಡದಿದ್ರೂ ಪ್ರಯೋಜನ ಇಲ್ಲ.

ನಿಮಗೆ ಬೇಕಾ ಬೇಡ್ವಾ ಅನ್ನೋದು ಮೊದಲು ನಿಮ್ಮ ಕಾಲು ಎಲ್ಲಿರತ್ತೆ ಅನ್ನೋದ್ರ ಮೇಲೆ ನಿಂತಿದೆ. ಕ್ರೂಸರ್ ತರ ಕಾಲು ಮುಂದಕ್ಕೆ ಚಾಚಿ ಕೂರೋ ಗಾಡಿಗಳು, ಹಾರ್ಲಿಯ ರೋಡ್ ಕಿಂಗ್, ಸ್ಟ್ರೀಟ್ ಗ್ಲೈಡ್, ಅಮೆರಿಕದ ಇಂಡಿಯನ್ ಅನ್ನೋ ಕಂಪನಿಯ ಚೀಫ್ಟನ್ ಅಂಥವು, ಇದ್ರಲ್ಲಿ ಕಾಲಿನ ಮೇಲೆ ಭಾರ ಹಾಕೋಕೇ ಆಗಲ್ಲ, ಎಲ್ಲಾ ತೂಕ ಪೃಷ್ಠಕ್ಕೆ ಬಾಲದ ಮೂಳೆಗೆ ಬೀಳತ್ತೆ, ಇವಕ್ಕೆ ಬ್ಯಾಕ್‌ರೆಸ್ಟ್ ನಿಜಕ್ಕೂ ವರದಾನ. ಹೋಂಡಾ ಗೋಲ್ಡ್ ವಿಂಗ್ ತರದ ದೊಡ್ಡ ಟೂರಿಂಗ್ ಗಾಡೀಲಿ ನೆಟ್ಟಗೆ ಕೂರ್ತೀವಿ, ಅಲ್ಲೂ ಚೆನ್ನಾಗಿ ಕೆಲಸ ಮಾಡತ್ತೆ. ಆದ್ರೆ ಯಮಹಾ ಎಫ್‌ಜೆಆರ್ 1300 ತರದ ಸ್ಪೋರ್ಟ್ ಟೂರರ್‌ನಲ್ಲಿ ಕಾಲು ಕೆಳಗೆ ಸ್ವಲ್ಪ ಹಿಂದೆ, ಮೈ ಮುಂದಕ್ಕೆ ಬಾಗಿರತ್ತೆ, ಹಿಂದೆ ಪ್ಯಾಡ್ ಇಟ್ರೆ ಬೆನ್ನು ಅದನ್ನ ಮುಟ್ಟೋದೇ ಅಪರೂಪ. ಅಂಥ ಗಾಡಿ ಇದ್ರೆ ಮೊದಲು ಹ್ಯಾಂಡಲ್ ರೈಸರ್, ಅಂದ್ರೆ ಹ್ಯಾಂಡಲನ್ನ ಎತ್ತರಿಸೋ ತುಂಡು, ಹಾಕಿಸಿ ಸ್ವಲ್ಪ ನೆಟ್ಟಗಾಗಿ, ಆಮೇಲೆ ಬ್ಯಾಕ್‌ರೆಸ್ಟ್ ಬಗ್ಗೆ ಯೋಚ್ನೆ ಮಾಡಿ. ಅಡ್ವೆಂಚರ್ ಗಾಡಿ ಇಟ್ಕೊಂಡು ಕಲ್ಲುಮಣ್ಣು ದಾರೀಲಿ ಎದ್ದುನಿಂತು ಓಡಿಸೋರಿಗೆ ನನ್ನ ಸಲಹೆ ಬೇಡವೇ ಬೇಡ ಅಂತ. ಅಲ್ಲಿ ಹಿಂದೆ ಮುಂದೆ ಜರುಗೋಕೆ ಜಾಗ ಬೇಕು.

ಇನ್ನೊಂದು ವಿಷ್ಯ ಜನ ಮರೆಯೋದು ಗಾಳಿ. ವೇಗ ಎರಡು ಪಟ್ಟಾದ್ರೆ ಗಾಳಿ ತಳ್ಳೋ ಬಲ ನಾಲ್ಕು ಪಟ್ಟಾಗತ್ತೆ. ಮುಂದೆ ವಿಂಡ್‌ಸ್ಕ್ರೀನ್ ಇಲ್ದೆ ನೆಟ್ಟಗೆ ಕೂತ್ರೆ ಹೈವೇಲಿ ಎದೆ ಹಿಂದಕ್ಕೆ ಹೋಗ್ತಾ ಇರತ್ತೆ, ಅದನ್ನ ಹಿಡ್ಕೊಳ್ಳೋದು ನಿಮ್ಮ ಕೈ, ಹಂಗಾಗಿ ಭುಜ ನೋವು. ಆ ನೋವಿಗೆ ಬ್ಯಾಕ್‌ರೆಸ್ಟ್ ಸ್ವಲ್ಪ ಸಹಾಯ ಮಾಡತ್ತೆ ನಿಜ, ಆದ್ರೆ ಮೂಲ ಮದ್ದು ವಿಂಡ್‌ಸ್ಕ್ರೀನ್.

ಸರಿ, ಅಳತೆಗೆ ಬರೋಣ. ಈ ಭಾಗ ಬಿಟ್ಟು ಸೀದಾ ಕೊಳ್ಳೋಕೆ ಹೋಗ್ಬೇಡಿ ದಯವಿಟ್ಟು.

ಗಾಡೀನ ಸೆಂಟರ್ ಸ್ಟ್ಯಾಂಡ್ ಮೇಲೆ ಹಾಕಿ, ಅದಿಲ್ದಿದ್ರೆ ಒಬ್ರು ನೆಟ್ಟಗೆ ಹಿಡ್ಕೊಳ್ಳಲಿ. ನೀವು ಯಾವಾಗ್ಲೂ ಹಾಕೋ ಜಾಕೆಟ್, ಪ್ಯಾಂಟು, ಬೂಟು ಎಲ್ಲಾ ಹಾಕ್ಕೊಂಡು ಕೂತ್ಕೊಳ್ಳಿ. ಕೂತ ತಕ್ಷಣ ಅಳೀಬೇಡಿ, ಸೀಟಿನ ಫೋಮ್ ನಿಮ್ಮ ಭಾರಕ್ಕೆ ಇಳಿಯೋಕೆ ಟೈಮ್ ಬೇಕು, ಹತ್ತು ನಿಮಿಷ ಹಂಗೇ ಕೂತಿರಿ, ಹ್ಯಾಂಡಲ್ ಹಿಡ್ಕೊಳ್ಳಿ, ಕಾಲು ಫುಟ್‌ರೆಸ್ಟ್ ಮೇಲಿಡಿ, ಮೊಣಕೈ ಸ್ವಲ್ಪ ಬಾಗಿರೋ ಹಾಗೆ ಸೊಂಟವನ್ನ ಹಿಂದೆ ಮುಂದೆ ಜರುಗಿಸಿ ನಿಮಗೆ ಹಿತ ಅನ್ನಿಸೋ ಜಾಗ ಹುಡುಕಿ. ಈಗ ಪಕ್ಕದಲ್ಲಿರೋರಿಗೆ ಹೇಳಿ ಎರಡು ಅಳತೆ ತಗೊಳ್ಳೋಕೆ. ಒಂದು, ಇಳಿದ ಸೀಟಿನಿಂದ ನಿಮ್ಮ ಬೆಲ್ಟ್ ಕಟ್ಟೋ ಜಾಗದ ಸ್ವಲ್ಪ ಮೇಲಿನ ತನಕ, ಅಂದ್ರೆ ಬೆನ್ನಿನಲ್ಲಿ ಕೈಯಿಟ್ರೆ ಒಳಗೆ ಗುಳಿ ಸಿಗತ್ತಲ್ಲ ಆ ಜಾಗ, ಎತ್ತರ ಎಷ್ಟು ಅಂತ. ಬಹಳಷ್ಟು ಜನಕ್ಕೆ ಇದು 15ರಿಂದ 25 ಸೆಂಟಿಮೀಟರ್ ಒಳಗೆ ಬರತ್ತೆ, ಪ್ಯಾಡಿನ ನಡುಭಾಗ ಅಲ್ಲಿಗೆ ಬರ್ಬೇಕು. ಎರಡು, ಆ ಗುಳಿಯಿಂದ ಹಿಂದಿನ ಸೀಟಿನ ಮುಂಭಾಗದ ಅಂಚಿಗೆ ಅಡ್ಡಡ್ಡ ದೂರ ಎಷ್ಟು ಅಂತ. ಈ ಎರಡನೇದು ಯಾರೂ ಅಳೆಯಲ್ಲ, ಆದ್ರೆ ತೊಂದರೆ ಬರೋದೆಲ್ಲಾ ಅದರಿಂದಾನೇ. ದೂರ 4-5 ಸೆಂಟಿಮೀಟರ್ ಮಾತ್ರ ಇದೆ ಅಂದ್ರೆ ದಪ್ಪ ಪ್ಯಾಡ್ ಹಾಕಿದ ತಕ್ಷಣ ಅದು ನಿಮ್ಮನ್ನ ಟ್ಯಾಂಕಿನ ಕಡೆ ತಳ್ಳತ್ತೆ. ಉದ್ದ ಇರೋರಿಗೆ ಮಂಡಿ ಮಡಚಿ ಇಕ್ಕಟ್ಟಾಗತ್ತೆ, ಕುಳ್ಳಗಿರೋರಿಗೆ ಮಾತ್ರ ಇದು ಲಾಭ, ಹ್ಯಾಂಡಲ್ ಹತ್ರ ಬರತ್ತೆ, ಎಷ್ಟೋ ಜನ ಕೈ ಎಟಕೋದಕ್ಕಂತಲೇ ಬ್ಯಾಕ್‌ರೆಸ್ಟ್ ಹಾಕಿಸ್ಕೋತಾರೆ.

ಏರ್ ಕುಶನ್ನು, ಕುರಿ ಉಣ್ಣೆ ಕವರ್ರು, ಮಣಿ ಸೀಟ್ ಕವರ್ರು ಏನಾದ್ರೂ ಬಳಸೋರು ಅದನ್ನ ಹಾಕಿಯೇ ಅಳೀರಿ. ಕುಶನ್ ನಿಮ್ಮನ್ನ ಎರಡು ಮೂರು ಸೆಂಟಿಮೀಟರ್ ಎತ್ತಿದ್ರೆ ಪ್ಯಾಡ್ ನಿಮ್ಮ ಬೆನ್ನಿಗೆ ಅಷ್ಟೇ ಕೆಳಗೆ ಇಳಿದ ಹಾಗೆ ಲೆಕ್ಕ.

ಇದಾದ್ಮೇಲೆ ಖರ್ಚಿಲ್ಲದ ಪರೀಕ್ಷೆ. ಗಟ್ಟಿ ಡಫಲ್ ಬ್ಯಾಗ್ ಒಂದಕ್ಕೆ ಬಟ್ಟೆ, ಹೊದಿಕೆ ತುಂಬಿ ಹಿಂದಿನ ಸೀಟಿನ ಮುಂಭಾಗಕ್ಕೆ ಅಡ್ಡಲಾಗಿ ಇಟ್ಟು ಬೆಲ್ಟ್ ಹಾಕಿ ಅಲುಗದ ಹಾಗೆ ಬಿಗಿಯಾಗಿ ಕಟ್ಟಿ. ಬ್ಯಾಗಿಗೂ ಬೆನ್ನಿಗೂ ಮಧ್ಯೆ ಅಳತೆ ಮಾಡಿದ ಎತ್ತರಕ್ಕೆ ಸುತ್ತಿದ ಟವಲ್ ಒಂದನ್ನ ಬ್ಯಾಗಿಗೇ ಸೇರಿಸಿ ಕಟ್ಟಿ, ಸಡಿಲ ಬಿಡ್ಬೇಡಿ, ಟವಲ್ ಬಿಚ್ಚಿ ಚಕ್ರಕ್ಕೆ ಸಿಕ್ಕಿಹಾಕ್ಕೊಂಡ್ರೆ ಕಥೆ ಮುಗೀತು. ಕಡಿಮೆ ಅಂದ್ರೂ ನೂರು ಕಿಲೋಮೀಟರ್ ಓಡಿಸಿ. ಹತ್ತು ಕಿಲೋಮೀಟರ್‌ಗೆ ಎಲ್ಲಾ ಬ್ಯಾಕ್‌ರೆಸ್ಟೂ ಚೆನ್ನಾಗೇ ಇರತ್ತೆ. ಮಧ್ಯೆ ಎರಡು ಸಲ ನಿಲ್ಲಿಸಿ ಟವಲ್ ಮೇಲೆ ಕೆಳಗೆ ಮಾಡಿ ನೋಡಿ. ಇಳಿದಾಗ ನಿಮಗೇ ಗೊತ್ತಾಗತ್ತೆ ಬೆನ್ನಿಗೆ ಎಲ್ಲಿ ಒತ್ತು ಬೇಕಿತ್ತು ಅಂತ. ಸತ್ಯ ಹೇಳ್ಬೇಕಂದ್ರೆ ಒಂಟಿಯಾಗಿ ಟೂರ್ ಹೊಡೆಯೋ ಎಷ್ಟೋ ಜನಕ್ಕೆ ಇಲ್ಲಿಗೇ ಕೆಲಸ ಮುಗಿಯತ್ತೆ, ಆ ಬ್ಯಾಗೇ ಅವರ ಪರ್ಮನೆಂಟ್ ಬ್ಯಾಕ್‌ರೆಸ್ಟು, ಒಂದು ರೂಪಾಯಿ ಖರ್ಚಿಲ್ಲ.

ಅಷ್ಟಾದ್ರೂ ಬೇಕು ಅನ್ನೋರಿಗೆ ಈಗ ಮೌಂಟ್ ವಿಚಾರ, ಅಂದ್ರೆ ಬ್ಯಾಕ್‌ರೆಸ್ಟನ್ನ ಗಾಡಿಗೆ ಕೂರಿಸೋ ವ್ಯವಸ್ಥೆ. ಸ್ಥೂಲವಾಗಿ ಮೂರು ತರ ಸಿಗತ್ತೆ. ಸೀಟಿನಲ್ಲೇ ಬ್ಯಾಕ್‌ರೆಸ್ಟ್ ಸಿಕ್ಕಿಸೋ ಸ್ಲಾಟ್ ಇರೋದು ಮೊದಲ್ನೇದು, ಕಾರ್ಬಿನ್, ಮಸ್ಟಾಂಗ್ ತರದವರ ಸೀಟುಗಳಲ್ಲಿ ಇದನ್ನ ನೋಡ್ಬಹುದು, ಬೇಕಾದಾಗ ಸಿಕ್ಕಿಸಿ ಬೇಡವಾದಾಗ ಎಳೆದು ತೆಗೀಬಹುದು, ಎಲ್ಲಕ್ಕಿಂತ ನೀಟಾಗಿ ಕೂರೋದು ಇದೇ, ಆದ್ರೆ ಸೀಟನ್ನೇ ಬದಲಾಯಿಸ್ಬೇಕು ಅಂದ್ರೆ ಜೇಬು ಭಾರ ಇರ್ಬೇಕು. ಎರಡನೇದು ಸೀಟಿನ ಕೆಳಗೆ ಫ್ರೇಮಿಗೆ ಬೋಲ್ಟ್ ಮಾಡಿದ ಬ್ರಾಕೆಟ್, ಇಬ್ಬರ ಸೀಟಿನ ಮಧ್ಯೆ ಇಂದ ಮೇಲೆ ಬರತ್ತೆ, ಒರಿಜಿನಲ್ ಸೀಟೇ ಇಟ್ಕೊಳ್ಳಬಹುದು. ಮೂರನೇದು ಹಿಂದಿನ ಸೀಟಿನ ಕೆಳಗೆ ತಟ್ಟೆ ತೂರಿಸಿ ಅಥವಾ ಪಟ್ಟಿ ಕಟ್ಟಿ ನಿಲ್ಲಿಸೋದು. ಈ ಮೂರನೇದನ್ನ ನಾನು ನಂಬಲ್ಲ. ಒರಗಿದಾಗೆಲ್ಲಾ ಒಂದಿಂಚು ಹಿಂದೆ ಹೋಗತ್ತೆ, ಒತ್ತು ಕೊಡ್ಬೇಕಾದ ಕಲ್ಲೇ ಉರುಳಿದ್ರೆ ಏನು ಬಂತು.

ಮೌಂಟ್ ಕೊಳ್ಳುವಾಗ ಗಾಡಿ ಹೆಸರು ಮಾತ್ರ ಸಾಲದು, ಯಾವ ವರ್ಷದ ಮಾಡೆಲ್ ಅನ್ನೋದು ಮುಖ್ಯ. ಹಾರ್ಲಿಯ ಟೂರಿಂಗ್ ಗಾಡಿಗಳ ಫ್ರೇಮ್ 2009ರ ಮಾಡೆಲ್‌ನಿಂದ ಬದಲಾಯ್ತು, ಹಂಗಾಗಿ 2008ರ ಗಾಡಿಗೆ ಕೂತ ಬ್ರಾಕೆಟ್ 2009ರದ್ದಕ್ಕೆ ಕೂರತ್ತೆ ಅಂತ ಅಂದ್ಕೋಬೇಡಿ. ಗೋಲ್ಡ್ ವಿಂಗ್ 2018ರಲ್ಲಿ ಪೂರ್ತಿ ಹೊಸದಾಯ್ತು, ಅದಕ್ಕೆ ಮುಂಚಿನದ್ದರ ಬ್ಯಾಕ್‌ರೆಸ್ಟ್ ಸೆಕೆಂಡ್ ಹ್ಯಾಂಡ್ ಕಮ್ಮಿಗೆ ಸಿಕ್ತು ಅಂತ ಖುಷಿಯಾಗಿ ತಂದು ಹೊಸ ಗಾಡಿ ಮುಂದೆ ನಿಂತ್ಕೊಂಡು ತಲೆ ಕೆರ್ಕೋಬೇಕಾಗತ್ತೆ. ಸೀಟು ಒಂದೇ ಪೀಸಾ, ಎರಡು ಬೇರೆ ಬೇರೆನಾ ಅನ್ನೋದನ್ನೂ ನೋಡಿ, ಸೀಟಿನ ಮಧ್ಯೆ ಸಂದಿ ಇಲ್ದಿದ್ರೆ ಬ್ರಾಕೆಟ್ ಹೊರಗೆ ಬರೋದು ಎಲ್ಲಿಂದ? ಇನ್ನೊಂದು, ಎಷ್ಟೋ ಕಡೆ ಬ್ರಾಕೆಟ್ ಬೇರೆ, ಪ್ಯಾಡ್ ಬೇರೆ ಮಾರ್ತಾರೆ. ಆರ್ಡರ್ ಮಾಡೋವಾಗ ಡಬ್ಬದಲ್ಲಿ ಏನೇನು ಬರತ್ತೆ ಅನ್ನೋದನ್ನ ಓದಿ, ಇಲ್ಲಾಂದ್ರೆ ಪ್ಯಾಡ್ ಒಂದೇ ಬಂದು ಅದನ್ನ ತೊಡೆ ಮೇಲಿಟ್ಕೊಂಡು ಕೂರ್ಬೇಕಾಗತ್ತೆ.

ಪ್ಯಾಡ್ ಅಗಲ ಎಷ್ಟಿರ್ಬೇಕು ಅಂತ ಕೇಳ್ತಾರೆ. 20ರಿಂದ 28 ಸೆಂಟಿಮೀಟರ್ ಇದ್ರೆ ಹೆಚ್ಚಿನವರಿಗೆ ಸಾಕು. ಅದಕ್ಕಿಂತ ಅಗಲ ಆದ್ರೆ ಲೇನ್ ಬದಲಾಯಿಸೋವಾಗ ಹಿಂದೆ ತಿರುಗಿ ನೋಡೋಕೆ ಮೈ ತಿರುಗಲ್ಲ, ಮೊಣಕೈ ಬಡಿಯತ್ತೆ. ಎತ್ತರ ಭುಜದ ಮೂಳೆಗಿಂತ ಚೆನ್ನಾಗಿ ಕೆಳಗೇ ಮುಗೀಬೇಕು, ನನ್ನ ಮೊದಲ್ನೇ ಪ್ಯಾಡ್ ಫೇಲ್ ಆಗಿದ್ದೇ ಇಲ್ಲಿ. ಮುಂಭಾಗ ಚಪ್ಪಟೆ ಇದ್ರೆ ಬೆನ್ನೆಲುಬಿನ ಗಂಟಿಗೇ ನೇರ ಒತ್ತತ್ತೆ, ಅಡ್ಡಕ್ಕೆ ಸ್ವಲ್ಪ ಒಳಬಾಗು ಇರೋದು ಒಳ್ಳೇದು, ಎರಡೂ ಪಕ್ಕದ ಸ್ನಾಯುಗಳ ಮೇಲೆ ಭಾರ ಹಂಚಿಹೋಗತ್ತೆ. ಮಧ್ಯದಲ್ಲಿ ಹೊಲಿಗೆ, ಪೈಪಿಂಗ್, ಬಟನ್ನು, ಮೊಳೆ ಡಿಸೈನ್ ಇರೋದನ್ನ ಫೋಟೋ ನೋಡಿಯೇ ಬಿಟ್ಬಿಡಿ. ನಾಲ್ಕು ಗಂಟೆ ಆದ್ಮೇಲೆ ಒಂದು ಸಣ್ಣ ಹೊಲಿಗೆ ಗೆರೆನೂ ಹಗ್ಗದಷ್ಟು ದಪ್ಪ ಅನ್ನಿಸತ್ತೆ.

ಫೋಮ್ ಪರೀಕ್ಷೆ ಸುಲಭ, ಹೆಬ್ಬೆರಳಿನಿಂದ ಜೋರಾಗಿ ಒತ್ತಿ, ಒಳಗಿನ ತಗಡು ಬೆರಳಿಗೆ ಸಿಕ್ರೆ ಅದು ಬೇಡ. ತೀರಾ ಮೆತ್ತಗಿರೋದು ಕೈಗೆ ಹಿತ, ಬೆನ್ನಿಗಲ್ಲ. ಮೆಮೊರಿ ಫೋಮ್ ಅಂತ ಬೋರ್ಡ್ ಹಾಕಿದ್ರೆ ಒಂದು ವಿಷಯ ನೆನಪಿಟ್ಕೊಳ್ಳಿ, ಅದು ಚಳೀಲಿ ಗಟ್ಟಿಯಾಗತ್ತೆ, ಬಿಸಿಲಲ್ಲಿ ಮೆತ್ತಗಾಗತ್ತೆ, ಬೆಳಿಗ್ಗೆ ಐದಕ್ಕೆ ಹೊರಟಾಗ ಇದ್ದ ಪ್ಯಾಡ್ ಮಧ್ಯಾಹ್ನಕ್ಕೆ ಬೇರೆನೇ ಆಗಿರತ್ತೆ. ಮಳೇಲಿ ಓಡಿಸೋರಾದ್ರೆ ಹೊಲಿಗೆ ಎಲ್ಲೆಲ್ಲಿದೆ ನೋಡಿ. ನೀರು ಒಳಗೆ ಹೋಗೋದು ಸೂಜಿ ತೂತಿನಿಂದಲೇ, ಒಳಗಿರೋದು ಸ್ಪಂಜಿನಂಥ ಫೋಮ್ ಆದ್ರೆ ಕುಡಿದು ಇಟ್ಕೊಳ್ಳತ್ತೆ, ಮಾರನೇ ದಿನ ಒರಗಿದಾಗ ಜಾಕೆಟ್ಟಿಗೆ ಪಿಚಕ್ ಅಂತ ವಾಪಸ್ ಕೊಡತ್ತೆ. ಅಕ್ಕಪಕ್ಕ ಮಾತ್ರ ಹೊಲಿಗೆ ಇರೋ ವಿನೈಲ್ ಕವರ್ ನೋಡೋಕೆ ಸಪ್ಪೆ, ಆದ್ರೆ ಬಾಳಿಕೆ ಬರತ್ತೆ. ಕಪ್ಪು ವಿನೈಲ್ ಬಿಸಿಲಿಗೆ ದೋಸೆ ಕಾವಲಿ ಆಗೋದು ಅದರ ಹಣೆಬರಹ, ನಿಲ್ಲಿಸಿದಾಗ ಮೇಲೊಂದು ಬಟ್ಟೆ ಹಾಕಿ.

ಆದ್ರೆ ಇಷ್ಟೆಲ್ಲಾ ನೋಡಿದ್ರೂ ಅಡ್ಜಸ್ಟ್‌ಮೆಂಟ್ ಇಲ್ಲ ಅಂದ್ರೆ ದುಡ್ಡು ನೀರಿಗೆ ಹಾಕಿದ ಹಾಗೆ. ಮೂರು ಕಡೆ ಜರುಗ್ಬೇಕು, ಹಿಂದೆ ಮುಂದೆ, ಮೇಲೆ ಕೆಳಗೆ, ಮತ್ತೆ ಪ್ಯಾಡಿನ ಓರೆ. ಮೂರರಲ್ಲಿ ಒಂದನ್ನೇ ಆರಿಸ್ಕೋ ಅಂದ್ರೆ ನಾನು ಹಿಂದೆ ಮುಂದೆ ಅಂತೀನಿ, ಎತ್ತರವನ್ನ ಕುಶನ್ ಹಾಕಿ ತೆಗೆದು ಹೇಗಾದ್ರೂ ಸರಿ ಮಾಡ್ಕೋಬಹುದು, ದೂರ ತಪ್ಪಿದ್ರೆ ಏನೂ ಮಾಡೋಕಾಗಲ್ಲ. ಓರೆ ವಿಷಯದಲ್ಲಿ ಕೆಲವು ಪ್ಯಾಡ್ ತಾನಾಗೇ ಬೆನ್ನಿಗೆ ತಕ್ಕ ಹಾಗೆ ಓಲಾಡತ್ತೆ, ಕೆಲವಕ್ಕೆ ಬೋಲ್ಟ್ ಸಡಿಲ ಮಾಡಿ ಕೂರಿಸ್ಬೇಕು. ಓಲಾಡೋದು ನನಗೆ ಇಷ್ಟ, ಕೆಲವರಿಗೆ ಹಿಡಿತ ಇಲ್ಲ ಅನ್ನಿಸತ್ತೆ, ಇದು ಅವರವರ ಬೆನ್ನಿನ ಸ್ವಭಾವ. ಜರುಗಿಸೋಕೆ ಟೂಲ್ ಬೇಕಾ, ಕೈಯಲ್ಲೇ ತಿರುಗಿಸೋ ನಾಬ್ ಇದ್ಯಾ ಅಂತಲೂ ನೋಡಿ. ಪ್ರತೀ ಸಲ ಸೀಟು ಬಿಚ್ಚಿ ಅಡ್ಜಸ್ಟ್ ಮಾಡ್ಬೇಕು ಅಂದ್ರೆ ಯಾರೂ ಮಾಡಲ್ಲ, ಬರೆದಿಟ್ಕೊಳ್ಳಿ.

ಇನ್ನು ಮಡಚೋದು. ಇದನ್ನ ನಾನು ಕಲಿತಿದ್ದು ಪೆಟ್ರೋಲ್ ಬಂಕಲ್ಲಿ, ಹತ್ತು ಜನರ ಮುಂದೆ. ಗಾಡಿ ಹತ್ತೋಕೆ ಕಾಲು ಎತ್ತಿ ಬೀಸಿದೆ, ಬೂಟು ಹೋಗಿ ಬ್ಯಾಕ್‌ರೆಸ್ಟಿಗೆ ಸಿಕ್ಕಿಹಾಕ್ಕೊಳ್ತು, ನಾನೂ ಗಾಡೀನೂ ಒಟ್ಟಿಗೆ ಮಲಗಿದ್ವಿ. ಹಿಂದೆ ಟಾಪ್ ಬಾಕ್ಸ್, ಅಂದ್ರೆ ಸಾಮಾನಿನ ಪೆಟ್ಟಿಗೆ ಇರೋರು ಮುಂಚೆನೇ ಕಾಲನ್ನ ಎರಡು ಸೀಟಿನ ಮಧ್ಯೆ ದಾಟಿಸ್ತಾ ಇರ್ತಾರೆ, ಅಲ್ಲೇ ಈಗ ಗೋಡೆ ಎದ್ದಿರತ್ತೆ. ಆದ್ರಿಂದ ಮುಂದಕ್ಕೆ ಮಡಚೋದನ್ನೇ ತಗೊಳ್ಳಿ. ಹಿಂದೆ ಕೂರೋರು ಹತ್ತೋವಾಗ್ಲೂ ಅದನ್ನ ಮಡಚಿಟ್ರೆ ಅವರಿಗೆ ದಾರಿ. ಅವರು ಹತ್ತಿದ ಮೇಲೆ ನೀವು ಹತ್ತಿ ಪ್ಯಾಡ್ ಎತ್ತೋಕಾಗತ್ತಾ, ಇಲ್ಲಾ ನೀವೇ ಮೊದಲು ಹತ್ಬೇಕಾ, ಇದನ್ನ ಮನೇಲೇ ಒಂದೆರಡು ಸಲ ಇಬ್ರೂ ಸೇರಿ ಪ್ರಾಕ್ಟೀಸ್ ಮಾಡಿ.

ಹಿಂದೆ ಕೂರೋರ ಮಾತು ಬಂತಲ್ಲ, ಅವರನ್ನ ಕೇಳದೆ ಕೊಳ್ಳಬೇಡಿ. ನಿಮ್ಮ ಬ್ಯಾಕ್‌ರೆಸ್ಟಿನ ಹಿಂಭಾಗ ಅವರ ತೊಡೆಗಳ ಮಧ್ಯೆ ಬರತ್ತೆ. ಹಿಂಬದಿಯಲ್ಲಿ ಬರೀ ತಗಡು, ಬೋಲ್ಟ್ ತಲೆ ಕಾಣ್ತಿದ್ರೆ ಬ್ರೇಕ್ ಹೊಡೆದಾಗ ಅವರು ಹೋಗಿ ಗುದ್ದೋದು ಅದಕ್ಕೇ. ಹಿಂದೆನೂ ಮೆತ್ತೆ ಇರೋದೇ ಬೇಕು. ನಿಮ್ಮ ಬೆನ್ನಿಗೆ ಎರಡಿಂಚು ಸುಖ ಕೊಡೋಕೆ ಹೋಗಿ ಅವರ ಜಾಗ ಎರಡಿಂಚು ಕಿತ್ಕೊಂಡ್ರೆ ಮುಂದಿನ ಟೂರಿಗೆ ನೀವು ಒಂಟಿ.

ಮೈಮೇಲೆ ಏನಿರತ್ತೆ ಅನ್ನೋದೂ ಲೆಕ್ಕಕ್ಕೆ ಬರತ್ತೆ. ಜಾಕೆಟ್ ಒಳಗೆ ಬ್ಯಾಕ್ ಪ್ರೊಟೆಕ್ಟರ್ ಇದ್ರೆ, ಅಂದ್ರೆ ಬೆನ್ನು ಕಾಯೋ ಗಟ್ಟಿ ಪ್ಯಾಡ್, ಇಎನ್ 1621-2 ಅನ್ನೋ ಯುರೋಪಿನ ಗುಣಮಟ್ಟದ ಮಾರ್ಕ್ ಇರೋದು, ಅದರ ಕೆಳಗಿನ ಅಂಚು ಸರಿಯಾಗಿ ಪ್ಯಾಡ್ ಮೇಲೆ ಬಂದು ಕೂತು ಇಡೀ ಪ್ರೊಟೆಕ್ಟರನ್ನ ಮೇಲಕ್ಕೆ ನೂಕಿ ಕಾಲರ್ ಹತ್ರ ಕತ್ತಿಗೆ ಚುಚ್ಚೋದುಂಟು. ಆಗ ಪ್ಯಾಡನ್ನ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಮಾಡಿ ನೋಡಿ, ಪ್ರೊಟೆಕ್ಟರ್ ತೆಗೆದಿಡೋ ಯೋಚ್ನೆ ಮಾತ್ರ ಬೇಡ. ಬೆನ್ನಿಗೆ ಬ್ಯಾಗ್ ಹಾಕಿ ಓಡಿಸೋರಿಗೆ ಬ್ಯಾಕ್‌ರೆಸ್ಟ್ ಆಗಲ್ಲ, ಎರಡರಲ್ಲಿ ಒಂದು.

ಒಂದು ಮಾತು ಸೀಟಿನ ಬಗ್ಗೆ. ಸೀಟೇ ಮುಂದಕ್ಕೆ ಇಳಿಜಾರಾಗಿದ್ರೆ, ಫೋಮ್ ಸತ್ತುಹೋಗಿದ್ರೆ, ನೀವು ನಿಧಾನಕ್ಕೆ ಟ್ಯಾಂಕ್ ಕಡೆ ಜಾರ್ತಾ ಹೋಗ್ತೀರಿ, ಪ್ಯಾಡ್ ಹಿಂದೆ ಉಳಿಯತ್ತೆ. ಅಂಥ ಕಡೆ ಮೊದಲು ಸೀಟು ಸರಿ ಮಾಡಿಸಿ. ಹಾಗೇ ಕಾಲು ಜೋಮು ಹಿಡಿಯೋದು, ಕಾಲಿಗೆ ಇಳಿಯೋ ನೋವು ಇವೆಲ್ಲಾ ಇದ್ರೆ ಅಂಗಡಿಗೆ ಹೋಗೋಕೆ ಮುಂಚೆ ಡಾಕ್ಟರ್ ಹತ್ರ ಹೋಗಿ.

ಫಿಟ್ಟಿಂಗ್ ನೀವೇ ಮಾಡೋದಾದ್ರೆ, ಎಲ್ಲಾ ಬೋಲ್ಟನ್ನೂ ಮೊದಲು ಕೈಯಲ್ಲಿ ಸಡಿಲವಾಗಿ ಹಿಡಿಸಿ, ಬ್ರಾಕೆಟ್ ನೆಟ್ಟಗೆ ಕೂತ ಮೇಲೆ ಬಿಗಿ ಮಾಡಿ. ಬೋಲ್ಟ್ ಅದುರಿ ಸಡಿಲ ಆಗದ ಹಾಗೆ ಹಿಡಿಯೋ ಅಂಟು, ಮೀಡಿಯಂ ತ್ರೆಡ್ ಲಾಕರ್, ಒಂದು ಹನಿ ಹಾಕಿ, ನೀಲಿದು, ಕೆಂಪು ಹಾಕಿದ್ರೆ ಮುಂದೆ ಬಿಚ್ಚೋಕೆ ಬಿಸಿ ಮಾಡ್ಬೇಕಾಗತ್ತೆ. ಎಷ್ಟು ಟಾರ್ಕ್, ಅಂದ್ರೆ ಎಷ್ಟು ಬಲ ಹಾಕಿ ಬಿಗೀಬೇಕು ಅಂತ ಜೊತೆ ಬಂದ ಕಾಗದದಲ್ಲಿ ಇರತ್ತೆ, ಸಾಮಾನ್ಯವಾಗಿ ಎಂ6 (6 ಮಿಲಿಮೀಟರ್ ದಪ್ಪದ) ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು, ಅದಕ್ಕೆ ಮೈಮೇಲೆ ಬಿದ್ದು ತಿರುಗಿಸ್ಬೇಡಿ. ಸೀಟು ವಾಪಸ್ ಹಾಕೋಕೆ ಮುಂಚೆ ಬ್ರಾಕೆಟ್ ಯಾವ ವೈರನ್ನೂ ಒತ್ತುತ್ತಿಲ್ಲ ಅಂತ ಟಾರ್ಚ್ ಹಾಕಿ ನೋಡಿ, ಸೀಟು ಪೂರ್ತಿ ಲಾಕ್ ಆಯ್ತಾ ಅಂತ ಎಳೆದು ನೋಡಿ. ಕೆಲವು ಗಾಡೀಲಿ ಬ್ಯಾಟರಿ ಮುಟ್ಟೋಕೂ ಸೀಟು ತೆಗೀಬೇಕು, ಅದಕ್ಕೆ ಬ್ಯಾಕ್‌ರೆಸ್ಟ್ ಅಡ್ಡ ಬರತ್ತಾ ಅನ್ನೋದನ್ನೂ ಆವಾಗ್ಲೇ ತಿಳ್ಕೊಂಡ್ಬಿಡಿ.

ಸೆಟ್ ಮಾಡೋವಾಗ ಪ್ಯಾಡನ್ನ ಪೂರ್ತಿ ಹಿಂದಕ್ಕೆ ಬಿಟ್ಟು ಶುರು ಮಾಡಿ, ಒಂದೊಂದೇ ಹಲ್ಲು ಮುಂದಕ್ಕೆ ತನ್ನಿ. ನೆಟ್ಟಗೆ ಕೂತಾಗ ಬೆನ್ನಿಗೆ ಸುಮ್ನೆ ತಾಕಿರ್ಬೇಕು, ತಳ್ಳಬಾರದು. ಕೂತಲ್ಲಿಂದ ಮೇಲೆ ಎದ್ದು ಮತ್ತೆ ಕೂರಿ, ಹ್ಯಾಂಡಲ್ ಪೂರ್ತಿ ಎಡಕ್ಕೆ ಬಲಕ್ಕೆ ತಿರುಗಿಸಿ, ಎರಡೂ ಕಾಲು ನೆಲಕ್ಕೆ ಮುಂಚಿನ ಹಾಗೇ ಎಟಕತ್ತಾ ನೋಡಿ. ಮುಂದಕ್ಕೆ ತಳ್ಳಿದಾಗ ಸೀಟಿನ ಕಿರಿದಾದ ಭಾಗಕ್ಕೆ ಬರೋದ್ರಿಂದ ಕಾಲು ಇನ್ನೂ ಚೆನ್ನಾಗೇ ಎಟಕ್ಬಹುದು, ಆದ್ರೆ ಬ್ರೇಕ್ ಪೆಡಲ್ ಮೇಲೆ ಪಾದದ ಕೋನ ಬದಲಾಗಿರತ್ತೆ, ಖಾಲಿ ಜಾಗದಲ್ಲಿ ನಾಲ್ಕು ಸಲ ಬ್ರೇಕ್ ಹಿಡಿದು ಅಭ್ಯಾಸ ಮಾಡ್ಕೊಂಡು ರೋಡಿಗಿಳೀರಿ. ಮೊದಲ ದಿನ ಸರಿ ಅನ್ನಿಸಿದ್ದು ಮೂರನೇ ದಿನ ತಪ್ಪು ಅನ್ನಿಸತ್ತೆ, ಬೆನ್ನು ಹೊಸ ಭಂಗಿಗೆ ಹೊಂದ್ಕೊಳ್ತಾ ಇರತ್ತೆ, ಒಂದು ಸಲಕ್ಕೆ ಒಂದೇ ಅಡ್ಜಸ್ಟ್‌ಮೆಂಟ್ ಬದಲಾಯಿಸಿ, ಮೂರನ್ನೂ ಒಟ್ಟಿಗೆ ತಿರುಗಿಸಿದ್ರೆ ಯಾವುದರಿಂದ ಹಿತ ಆಯ್ತು ಅಂತ ಗೊತ್ತೇ ಆಗಲ್ಲ. 500 ಕಿಲೋಮೀಟರ್ ಆದ್ಮೇಲೆ ಎಲ್ಲಾ ಬೋಲ್ಟ್ ಇನ್ನೊಮ್ಮೆ ಚೆಕ್ ಮಾಡಿ, ಟಕಟಕ ಸದ್ದು ಬರ್ತಿದ್ರೆ ಅದು ಅಲ್ಲೇ ಇರತ್ತೆ. ಸರಿಯಾದ ಜಾಗ ಸಿಕ್ಕ ದಿನ ಬಿಳೀ ಪೇಂಟ್ ಪೆನ್ನಲ್ಲಿ ಬ್ರಾಕೆಟ್ ಮೇಲೆ ಒಂದು ಗೆರೆ ಎಳೆದಿಡಿ, ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ ಅದನ್ನ ಬಿಚ್ಚೇ ಬಿಚ್ತಾನೆ.